ಎಸ್ತೇರಕ್ಕನ ಕಾಲು

ನಮ್ಮ ಮನೆಯ ಹಾಲಿನ ಪಾತ್ರೆಗೆ ಮೊನ್ನೆ ತಳದಲ್ಲಿ ತೂತು ಬಿತ್ತು. ಒಲೆಯ ಮೇಲೆ ಸೀದು ಬಿದ್ದದ್ದಲ್ಲ, ಎತ್ತಿ ಹಾಕಿ ಬಿದ್ದದ್ದೂ ಅಲ್ಲ. ನಾನೇ ತಿಕ್ಕಿ ತಿಕ್ಕಿ ತೂತು ಮಾಡಿದ್ದು. ನಗಬೇಡಿ. ಸಿಟ್ಟು ಬಂದಾಗ ಕೆಲವರು ಬಾಗಿಲು ಬಡಿಯುತ್ತಾರೆ, ಕೆಲವರು ಮಕ್ಕಳನ್ನು ಬಡಿಯುತ್ತಾರೆ, ನಾನು ಪಾತ್ರೆ ತಿಕ್ಕುತ್ತೇನೆ. ರಾಯಚೂರಿನ ನಮ್ಮ ಓಣಿಗೆಲ್ಲ ಇದು ಗೊತ್ತು. ಹಿತ್ತಲಲ್ಲಿ ಕರಕರ ಸದ್ದು ಶುರುವಾದರೆ ನನ್ನನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯುವ ಪಕ್ಕದ ಮನೆಯ ಖೈರುನ್ನೀಸಾ ತನ್ನ ಸೊಸೆಗೆ, "ಇವತ್ತು ಆಪಾನ ಮನಿ ಕಡಿ ಹೋಗೂದು ನಕ್ಕೋ, ಬ್ಯಾಡ" ಅನ್ನುತ್ತಾಳಂತೆ. ನಮ್ಮವರಂತೂ ಹೊರಗಿನಿಂದ ಬಂದವರು ಮೊದಲು ಅಡುಗೆಮನೆಯ ಸ್ಟ್ಯಾಂಡಿನ ಕಡೆ ಇಣುಕಿ ಪಾತ್ರೆಗಳ ಹೊಳಪು ನೋಡುತ್ತಾರೆ. ಚಪ್ಪಲಿ ಬಿಡಬೇಕೋ, ಹಾಗೆಯೇ ಸ್ಟೇಷನ್ ಕಡೆಗೆ ಇನ್ನೊಂದು ಸುತ್ತು ಹೋಗಿಬರಬೇಕೋ ಎಂಬುದು ಆಮೇಲೆ ತೀರ್ಮಾನವಾಗುತ್ತದೆ.

ಆದರೂ ಇಷ್ಟು ವರ್ಷದಲ್ಲಿ ತೂತು ಬಿದ್ದದ್ದು ಇದೇ ಮೊದಲು. ಅದಕ್ಕೆ ಕಾರಣ, ಈ ವರ್ಷದ ಲೆಂಟಿನಲ್ಲಿ ನಾನು ಸಿಟ್ಟು ಬಿಟ್ಟಿದ್ದೆ.

ಲೆಂಟ್ ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನ. ನಮ್ಮ ಹಿರಿಯರು ಶ್ರಮೆಯ ದಿನಗಳು ಅನ್ನುತ್ತಿದ್ದರು. ಆ ದಿನಗಳಲ್ಲಿ ನಾವು ಕ್ರೈಸ್ತರು ನಮಗೆ ಬಿಡಲಾರದ್ದೇನೋ ಒಂದನ್ನು ದೇವರಿಗಾಗಿ ಬಿಡುತ್ತೇವೆ. ಸಂಜೆ ಹೊತ್ತು ಒಂದೊಂದು ದಿನ ಒಂದೊಂದು ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಮೊದಲ ಸಂಜೆ ನಮ್ಮ ಮನೆಯಲ್ಲಿತ್ತು. ಪ್ರಾರ್ಥನೆ ಮುಗಿದ ಮೇಲೆ, ಚಹಾ ಬರುವ ಮೊದಲು, ಯಾರು ಏನು ಬಿಡುತ್ತಾರೆ ಎಂದು ಹೇಳುವುದು ನಮ್ಮಲ್ಲಿ ಪದ್ಧತಿ. ಒಬ್ಬರು ಮಟನ್ ಬಿಟ್ಟರು. ಒಬ್ಬಳು ಎಂಟು ಗಂಟೆಯ ಧಾರಾವಾಹಿ ಬಿಟ್ಟು ಒಂಬತ್ತರದ್ದನ್ನು ಉಳಿಸಿಕೊಂಡಳು. ನಮ್ಮವರು ಚಹಾದೊಳಗಿನ ಸಕ್ಕರೆ ಬಿಟ್ಟರು. ಅದನ್ನು ಡಾಕ್ಟರು ಹೋದ ವರ್ಷವೇ ಬಿಡಿಸಿದ್ದರು. ನನ್ನ ಸರದಿ ಬಂತು. ಉಪ್ಪಿನಕಾಯಿ ಅನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, "ಈಕಿ ಸಿಟ್ಟು ಬಿಡ್ತಾಳಂತ್ರೀ" ಅಂದುಬಿಟ್ಟರು. ಕೂತವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬ ಹಿರಿಯರು ಕಣ್ಣು ಮುಚ್ಚಿ ಹಲ್ಲೆಲೂಯಾ ಅಂದರು. ಆ ಮನುಷ್ಯ ಅಷ್ಟು ಮನಸ್ಸಿಟ್ಟು ದೇವರನ್ನು ಸ್ತುತಿಸಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಎಲ್ಲರೂ ಹೋದ ಮೇಲೆ ನಮ್ಮವರನ್ನು ಹಿಡಿದುಕೊಂಡೆ. "ಏನ್ರೀ, ನನ್ನ ಹರಕಿ ನೀವ್ಯಾಕ ಹೊತ್ರಿ?"

"ನೋಡು, ಈಗ್ಲೇ ಶುರು ಮಾಡಿದಿ" ಅಂದರು.

ಬಾಯಿ ಮುಚ್ಚಿಕೊಂಡೆ. ಹಿತ್ತಲಿಗೆ ಹೋಗಿ ಹಾಲಿನ ಪಾತ್ರೆ ತೆಗೆದುಕೊಂಡೆ.

ನನಗೆ ಮೈ ಉರಿದದ್ದು ಸಿಟ್ಟು ಬಿಡಬೇಕಾಯಿತು ಎಂದಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲಿಯೇ ಇರುತ್ತದೆ, ಅದು ಬಿಡತಕ್ಕದ್ದೇ. ಆದರೆ ಇನ್ನೊಬ್ಬರು ಬಿಡಿಸಿದ್ದನ್ನು ಬಿಟ್ಟರೆ ಅದೆಂಥ ಬಿಡುವುದು? ಗೂಟಕ್ಕೆ ಕಟ್ಟಿದ ಎಮ್ಮೆ ಮಂದಿಯ ಹೊಲಕ್ಕೆ ನುಗ್ಗಲಿಲ್ಲ ಎಂದು ಯಾರಾದರೂ ಅದಕ್ಕೆ ಶಹಬ್ಬಾಸ್ ಅನ್ನುತ್ತಾರೆಯೇ? ಈ ವಿಷಯದಲ್ಲಿ ನನ್ನ ಸಿಟ್ಟು ಹಳೆಯದು. ಅದರ ಬೇರು ದೇವದುರ್ಗದಲ್ಲಿದೆ.

ದೇವದುರ್ಗದಲ್ಲಿ ನಾನು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದು ಓದಿದವಳು. ಅಲ್ಲಿ ನಮಗೆ ದೇವರ ಮೇಲಿನ ಪ್ರೀತಿಯನ್ನು ಹುಣಸೆ ಬರಲಿನಿಂದ ಕಲಿಸಿದರು. ನಸುಕಿನಲ್ಲಿ ಎಬ್ಬಿಸಿ ಸಾಲಾಗಿ ಮೊಣಕಾಲೂರಿಸುತ್ತಿದ್ದರು. ದೇವದುರ್ಗದ ಬೇಸಿಗೆಯಲ್ಲಿ ನೆಲ ತಣ್ಣಗಿರುವುದು ಆ ಹೊತ್ತೊಂದರಲ್ಲೇ. ನಾವು ಹಣೆಯನ್ನು ನೆಲಕ್ಕಿಟ್ಟು ಭಕ್ತಿಯಿಂದ ನಿದ್ದೆ ಹೋಗುತ್ತಿದ್ದೆವು. ವಾರ್ಡನ್ ಬಾಯಿ ಹಿಂದಿನಿಂದ ಬಂದು, "ಮನಸಿಟ್ಟು ಪ್ರೀತಿ ಮಾಡ್ರೆ ದೇವರ್ನ, ಕಳ್ಳಿಗಳ್ರಾ" ಎಂದು ಬೆನ್ನ ಮೇಲೆ ಒಂದು ಕೊಡುತ್ತಿದ್ದಳು. ಶುಕ್ರವಾರ ಮಧ್ಯಾಹ್ನ ಊಟವಿಲ್ಲ. ಅದಕ್ಕೆ ಸ್ವಇಚ್ಛೆಯ ಉಪವಾಸ ಎಂದು ಹೆಸರು. ಸ್ವಇಚ್ಛೆ ಇಲ್ಲದವರು ಶನಿವಾರವೂ ಮಾಡಬೇಕು. ನಾವು ಹಿಂದಿನ ಹೊಲಕ್ಕೆ ನುಗ್ಗಿ ಹಸಿ ಶೇಂಗಾ ಕಿತ್ತು ತಿನ್ನುತ್ತಿದ್ದೆವು. ಹೊಲದವನು ಬುದ್ಧಿವಂತ, ಶುಕ್ರವಾರ ಬಂತೆಂದರೆ ಕೋಲು ಹಿಡಿದು ಬೇಲಿಯ ಹತ್ತಿರ ಕೂಡುತ್ತಿದ್ದ. ದೇವರು ನಮ್ಮನ್ನು ಇಷ್ಟು ಪ್ರೀತಿಸುತ್ತಾನಲ್ಲ, ಇನ್ನು ಯಾವಾಗ ಬಿಡುತ್ತಾನೋ ಎಂದು ನಾನು ಅಲ್ಲಿ ಎಷ್ಟೋ ಸಲ ಅಂದುಕೊಂಡದ್ದುಂಟು.

ರಜೆಗೆ ಊರಿಗೆ ಹೋದರೆ ಬೇರೆಯೇ ದೇವರು. ನಮ್ಮವ್ವ ಹತ್ತಿ ಬಿಡಿಸಲು ಹೋಗುವ ಆಳು. ಹೋಗುವ ಮೊದಲು ರೊಟ್ಟಿ ಬಡಿಯುತ್ತ ಪ್ರಾರ್ಥನೆ ಮಾಡುತ್ತಿದ್ದಳು. ಬಡಿತದ ನಡುವೆ ಒಂದು ಮಾತು ದೇವರಿಗೆ, ಒಂದು ಮಾತು ಒಲೆಗೆ, ಒಂದು ಬೈಗುಳ ಬೆಕ್ಕಿಗೆ. ಬಂದು ಕೂಡು ಎಂದು ಒಮ್ಮೆಯೂ ನನ್ನನ್ನು ಕರೆಯಲಿಲ್ಲ. ಕರೆಯಲಿಲ್ಲ ಎಂದೇ ನಾನು ಹತ್ತಿರ ಹೋಗಿ ಕೂಡುತ್ತಿದ್ದೆ. ಅಪ್ಪ ಲೆಂಟಿನಲ್ಲಿ ಬೀಡಿ ಬಿಡುತ್ತಿದ್ದ. ಯಾರೂ ಹೇಳಿದ್ದಲ್ಲ, ಯಾರಿಗೂ ಹೇಳಿದ್ದೂ ಅಲ್ಲ. ಆ ದಿನಗಳಲ್ಲಿ ಸುಮ್ಮನೆ ಒಂದು ಜಾಲಿ ಕಡ್ಡಿ ಕಚ್ಚಿಕೊಂಡು ತಿರುಗುತ್ತಿದ್ದ. ಈಸ್ಟರ್ ದಿನ ಸೂರ್ಯ ಹುಟ್ಟುವ ಮೊದಲು ನಾವೆಲ್ಲ ಸಮಾಧಿ ಹೊಲದಲ್ಲಿ ಪ್ರಾರ್ಥನೆಗೆ ಸೇರಿದ್ದಾಗ, ಇತ್ತ ಪಾಸ್ಟರ್ ಆರಂಭಿಸುವುದಕ್ಕೂ ಅತ್ತ ಬೇಲಿಯ ಮರೆಯಲ್ಲಿ ಹೊಗೆ ಏಳುವುದಕ್ಕೂ ಸರಿಹೋಗುತ್ತಿತ್ತು.

"ಯೇಸುಸ್ವಾಮಿ ಎದ್ದಾನಂತ ಅಯ್ಯನವ್ರು ಇನ್ನಾ ಹೇಳಿಲ್ಲ, ಅಷ್ಟ್ರಾಗ ನಿನ್ನ ಬೀಡಿ ಎದ್ದಿತು" ಎಂದು ಅವ್ವ ಕಾಡುತ್ತಿದ್ದಳು.

"ಬಿಟ್ಟಾವನೂ ನಾನ, ಹಿಡದಾವನೂ ನಾನ" ಅನ್ನುತ್ತಿದ್ದ ಅಪ್ಪ. "ನಡುವ ಆತಗ ಕೊಟ್ಟಿದ್ದು ಖರೇ ಅದಲ್ಲ, ಅಷ್ಟು ಸಾಕು."

ಆ ಹಾಸ್ಟೆಲಿನಲ್ಲಿ ಕಲಿತದ್ದೆಲ್ಲ ನನಗೆ ಮರೆತಿದೆ. ಅಪ್ಪನ ಈ ಮಾತು ಮಾತ್ರ ಉಳಿದಿದೆ.

ಇರಲಿ. ಸಿಟ್ಟು ಬಿಟ್ಟದ್ದು ಹೇಳುತ್ತಿದ್ದೆ. ನಾನು ಸಿಟ್ಟು ಬಿಟ್ಟ ಸುದ್ದಿ ಓಣಿಯಲ್ಲಿ ಹರಡಿದ್ದೇ ತಡ, ಎಲ್ಲರಿಗೂ ಧೈರ್ಯ ಬಂತು. ಹಾಲಿನವನು ನೀರು ಹೆಚ್ಚು ಹಾಕಿದ. ನಮ್ಮವರು ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಒಗೆದು, ನನ್ನ ಮುಖ ನೋಡಿ, "ಲೆಂಟ್ ಅದ ನೋಡು" ಎಂದು ನೆನಪಿಸಿದರು. ದಿನಾ ಸಂಜೆಯ ಹೊತ್ತಿಗೆ ನನ್ನ ದವಡೆ ನೋಯುತ್ತಿತ್ತು.

ಈ ವರ್ಷ ಲೆಂಟೂ ರಂಜಾನೂ ಒಟ್ಟಿಗೇ ಬಂದಿದ್ದವು. ಒಂದು ದಿನ ಕಂಪೌಂಡ್ ಗೋಡೆಯ ಆಚೆಯಿಂದ ಖೈರುನ್ನೀಸಾ ಕೇಳಿದಳು, "ಆಪಾ, ಏನ್ ದಿನಾ ಅದೇ ಪಾತ್ರಿ ತಿಕ್ಕಾಕತ್ತೀರಿ? ಬೇರೆ ಇಲ್ಲೇನು?" ನಾನು ಸಂಗತಿ ಹೇಳಿದೆ. ಅವಳು ಬಹಳ ಯೋಚನೆ ಮಾಡಿ ಅಂದಳು, "ನಮ್ದೂ ರೋಜಾ ಹೊಟ್ಟಿಗಷ್ಟೇ ಅಲ್ಲ, ಜಬಾನಿಗೂ ಅದ. ಗುಸ್ಸಾ ಮಾಡಬಾರ್ದು, ಬೈಬಾರ್ದು. ಖರೇ. ಆದ್ರ ಸಂಜಿ ಆಗೂತ್ಲೆ ನಾವು ರೋಜಾ ಬಿಡ್ತೀವಿ ಆಪಾ. ನೀವು ನಲ್ವತ್ತು ದಿನ ಒಮ್ಮಿನೂ ಬಿಡಂಗಿಲ್ಲ ಅಂದ್ರ ಹ್ಯಾಂಗ? ಒಡದು ಹೋಗ್ತೀರಿ. ಸಂಜಿಗಿ ನಮ್ಮ ಮನಿಗಿ ಬರ್ರಿ."

ಹೋದೆ. ಅವರು ಖರ್ಜೂರ ಬಾಯಿಗಿಟ್ಟು, ನೀರು ಕುಡಿದು, ನಮಾಜು ಮುಗಿಸಿ ಭಜಿ ತಟ್ಟೆಯ ಮುಂದೆ ಕೂತ ಮೇಲೆ ನಾನು ಅವರ ಮೆಟ್ಟಿಲ ಮೇಲೆ ಕೂತು ಆ ದಿನದ ಸಿಟ್ಟನ್ನೆಲ್ಲ ಬಿಚ್ಚುತ್ತಿದ್ದೆ. ಹಾಲಿನವನಿಂದ ಶುರುವಾಗಿ ನಮ್ಮವರ ಟವೆಲಿಗೆ ಬಂದು ನಿಲ್ಲುತ್ತಿತ್ತು. ಬಜಾರಿನಲ್ಲಿ ಬಳೆ ಅಂಗಡಿ ಇಟ್ಟಿರುವ ಅವಳ ಗಂಡ ಮೆಣಸಿನಕಾಯಿ ಭಜಿ ಕಡಿಯುತ್ತ, "ಮಾಶಾ ಅಲ್ಲಾ, ಏನ್ ಬೈತಾರ ನಮ್ಮ ಆಪಾ" ಎಂದು ತಲೆದೂಗುತ್ತಿದ್ದರು. ಇದು ವ್ರತವೋ ವ್ರತಭಂಗವೋ ನನಗೆ ತಿಳಿಯದು. ಯಾವ ಪಾಸ್ಟರನ್ನೂ ಕೇಳಲಿಲ್ಲ. ಅವರ ಹಬ್ಬ ಬಂತು, ಹೋಗಿ ಹಾಲು ಶ್ಯಾವಿಗೆಯ ಸುರಕುಂಬಾ ಕುಡಿದು ಬಂದೆ, ಸಂಜೆಯ ಆ ಬಾಗಿಲೂ ಮುಚ್ಚಿತು. ನನ್ನ ಲೆಂಟ್ ಇನ್ನೂ ಉಳಿದಿತ್ತು. ಪಾತ್ರೆಗೆ ತೂತು ಬಿದ್ದದ್ದು ಆ ವಾರವೇ.

ಈಗ ಎಸ್ತೇರಕ್ಕನ ವಿಷಯ ಹೇಳಲೇಬೇಕು. ಅದನ್ನು ಹೇಳಲು ಮನಸ್ಸಿಲ್ಲದೆಯೇ ಪಾತ್ರೆ, ಬೀಡಿ ಎಂದು ಇಲ್ಲಿಯವರೆಗೆ ಸುತ್ತಾಡಿಸಿದೆ.

ಎಸ್ತೇರಕ್ಕ ನನ್ನ ನೆಗೆಣ್ಣಿ, ನಮ್ಮವರ ಅಣ್ಣನ ಹೆಂಡತಿ. ಭಾವನವರು ತೀರಿಕೊಂಡ ಮೇಲೆ ಮಾನ್ವಿಯಲ್ಲಿ ಮಗನ ಜೊತೆ ಇದ್ದಾಳೆ. ನಮ್ಮ ಅತ್ತೆ ಲಕ್ವ ಹೊಡೆದು ಮಲಗಿದಾಗ, ನಾನು ನರ್ಸು ಎಂದು ರಾಯಚೂರಿಗೆ ನಮ್ಮ ಮನೆಗೆ ತಂದು ಬಿಟ್ಟರು. ಆಗ ನಾನು ದೊಡ್ಡಾಸ್ಪತ್ರೆಯಲ್ಲಿ ನೌಕರಿಯಲ್ಲಿದ್ದೆ. ವಾರ್ಡಿನಲ್ಲಿ ಮಂದಿಯದನ್ನು ತೊಳೆದು ಬಂದು ಮನೆಯಲ್ಲಿ ಅತ್ತೆಯದನ್ನು ತೊಳೆಯುತ್ತಿದ್ದೆ. ಮಗ್ಗಲು ಬದಲಿಸುತ್ತಿದ್ದೆ. ಆ ಮುದುಕಿಯ ಬೆನ್ನಿಗೆ ಒಂದು ಹುಣ್ಣಾಗಲು ಬಿಡಲಿಲ್ಲ. ಆಕೆ ತೀರಿಕೊಂಡು ಮಾನ್ವಿಯಲ್ಲಿ ಮಣ್ಣು ಮಾಡಿದ ದಿನ, ಕೂತ ಹೆಂಗಸರಲ್ಲಿ ಯಾರೋ "ಸರೋಜಾ ಅತ್ತಿನ್ನ ಛಲೋ ನೋಡಿದ್ಳು" ಅಂದರು. ಎಸ್ತೇರಕ್ಕ ಎಲ್ಲರಿಗೂ ಕೇಳುವಂತೆ ಅಂದಳು, "ಅದ್ರಾಗೇನದ? ಅಕಿ ನರ್ಸು. ಪಗಾರ ತಗೊಂಡು ದಿನಾ ತೊಳಿಯಾಕಿ. ಕೈಗಿ ರೂಢಿ, ಮಾಡಿದ್ಳು."

ಅವತ್ತು ನಿಂತ ಮಾತು ನಿಂತೇಹೋಯಿತು. ಮದುವೆಗಳಲ್ಲಿ ಅವಳು ಆ ಸಾಲು, ನಾನು ಈ ಸಾಲು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಗಾದೆಯಿದೆ. ನಮ್ಮಿಬ್ಬರಿಗೆ ಶಾಂತಿಯೂ ಬರಲಿಲ್ಲ.

ನಿಜ ಹೇಳಲೇ? ಆ ಮಾತು ಹಸಿ ಸುಳ್ಳಾಗಿದ್ದರೆ ನಾನು ನಾಲ್ಕು ದಿನ ಬೈದು ಮರೆಯುತ್ತಿದ್ದೆ. ಸುಳ್ಳೆಂದು ಎದೆ ತಟ್ಟಿ ಹೇಳಲು ನನಗಾಗಲಿಲ್ಲ, ಅದಕ್ಕೇ ಅಷ್ಟು ಉರಿಯಿತು. ಅತ್ತೆಯ ಮೈ ಒರೆಸುವಾಗ ನನ್ನ ತಲೆಯಲ್ಲಿ ಏನಿರುತ್ತಿತ್ತು? ಗ್ಯಾಸ್ ಮುಗಿಯುತ್ತ ಬಂತು, ಬೆಳಗ್ಗೆ ಡ್ಯೂಟಿಗೆ ಬಸ್ಸು ತಪ್ಪಬಾರದು, ಇಂಥವೇ. ಕೈಗಳು ತಮ್ಮಷ್ಟಕ್ಕೆ ಮಾಡುತ್ತಿದ್ದವು. ಅದರಲ್ಲಿ ಪ್ರೀತಿ ಎಷ್ಟಿತ್ತು, ರೂಢಿ ಎಷ್ಟಿತ್ತು? ಯಾರನ್ನು ಕೇಳಬೇಕು? ನರ್ಸಿನ ಕೈಗೆ ಈ ಶಾಪವಿದೆ, ಎಷ್ಟು ಚೆನ್ನಾಗಿ ಮಾಡಿದರೂ ನೌಕರಿಯಂತೆಯೇ ಕಾಣುತ್ತದೆ. ಎಸ್ತೇರಕ್ಕ ಒಂದೇ ಮಾತಿನಲ್ಲಿ ನನ್ನಿಂದ ಅತ್ತೆಯನ್ನು ಕಿತ್ತುಕೊಂಡಳು.

ಲೆಂಟಿನ ಕೊನೆಯ ವಾರ ಮಾನ್ವಿಗೆ ಹೋಗುವುದು ನಮ್ಮವರ ಪದ್ಧತಿ. ಅವರ ಅಪ್ಪ ಅವ್ವ ಅಲ್ಲಿಯ ಮಣ್ಣಿನಲ್ಲಿದ್ದಾರೆ. ನಾದಿನಿಯ ಮನೆಯಲ್ಲಿ ಇಳಿಯುತ್ತೇವೆ. ಈ ಸಲವೂ ಹೋದೆವು. ಬಸ್ಸು ಕಲ್ಮಲ ದಾಟುವಷ್ಟರಲ್ಲಿ ಸೀಟಿನ ಕಬ್ಬಿಣ ಮುಟ್ಟಲಾಗದಷ್ಟು ಕಾದಿತ್ತು. ನಾನೂ ಕಾದಿದ್ದೆ.

ಆ ವಾರದ ಗುರುವಾರ ಕಾಲು ತೊಳೆಯುವ ಆರಾಧನೆ ಇರುತ್ತದೆ. ಶಿಲುಬೆಗೆ ಹೋಗುವ ಹಿಂದಿನ ಸಂಜೆ ಯೇಸುಸ್ವಾಮಿ ಊಟದಿಂದೆದ್ದು, ನಡುವಿಗೆ ಟವೆಲು ಕಟ್ಟಿಕೊಂಡು, ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಪ್ರತಿ ವರ್ಷ ಪಾಸ್ಟರು ಸಭೆಯ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆದರೆ ನಮ್ಮ ಜನರ ಮರ್ಯಾದೆಯನ್ನು ಏನೆಂದು ಹೇಳಲಿ. ಆ ಹನ್ನೆರಡರಲ್ಲಿ ತಮ್ಮ ಹೆಸರಿದೆ ಎಂದು ಗೊತ್ತಾದರೆ ಬುಧವಾರದಿಂದಲೇ ಇಟ್ಟಂಗಿ ಚೂರು ಹಿಡಿದು ಹಿಮ್ಮಡಿ ತಿಕ್ಕಲು ಕೂಡುತ್ತಾರೆ. ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಧೂಳಾಗುತ್ತದೆಂದು ಆಟೋದಲ್ಲಿ ಬರುತ್ತಾರೆ. ಒಂದು ವರ್ಷ ಒಬ್ಬ ಹಿರಿಯರು ಪೌಡರ್ ಹಾಕಿಕೊಂಡು ಬಂದು, ನೀರು ಬಿದ್ದೊಡನೆ ಬೆರಳ ಸಂದಿಯಲ್ಲಿ ಹಿಟ್ಟು ಕಲಸಿದಂತಾಯಿತು. ಕರ್ತನು ಬಗ್ಗಿದ್ದು ಕೊಳೆ ಕಾಲಿಗೆ. ನಮ್ಮ ಜನ ಆತನಿಗೆ ತೊಳೆಯಲು ಏನೂ ಉಳಿಸದೆ ಬರುತ್ತಾರೆ.

ಈ ವರ್ಷ ಅಲ್ಲಿಗೆ ಹೊಸ ಪಾಸ್ಟರ್ ಬಂದಿದ್ದರು. ಹರೆಯದವರು. ಕೆಟ್ಟವರಲ್ಲ, ಆದರೆ ಮೈಕ್ ಕೈಗೆ ಬಂದರೆ ತಡೆದುಕೊಳ್ಳಲಾರರು. "ಈ ಸಲ ನಾನು ತೊಳೆಯುವುದಿಲ್ಲ, ಪರಸ್ಪರ ಮಾತು ಬಿಟ್ಟವರು ಒಬ್ಬರ ಕಾಲು ಒಬ್ಬರು ತೊಳೆಯುತ್ತಾರೆ, ನಾನೇ ಜೋಡಿಗಳನ್ನು ಆರಿಸಿದ್ದೇನೆ" ಎಂದು ಸಾರಿದರು. ಮಾನ್ವಿಯಲ್ಲಿ ಯಾರು ಯಾರ ಜೊತೆ ಮಾತಾಡುವುದಿಲ್ಲ ಎಂದು ತಿಳಿಯಲು ಕಷ್ಟಪಡಬೇಕಿಲ್ಲ. ಮೊದಲು ಬೇಲಿ ಜಗಳದ ಅಣ್ಣ ತಮ್ಮಂದಿರು ಎದ್ದರು, ತೊಳೆದರು, ಅತ್ತರು. ನಾಲ್ಕೂ ಕಡೆಯಿಂದ ಮೊಬೈಲುಗಳು ಎದ್ದು ನಿಂತವು. ಆಮೇಲೆ ಮೈಕಿನಲ್ಲಿ ನನ್ನ ಹೆಸರು ಬಂತು.

"ರಾಯಚೂರಿನ ಸರೋಜಮ್ಮ ಸಿಸ್ಟರ್ ಮುಂದೆ ಬರಬೇಕು. ಅವರು ತಮ್ಮ ನೆಗೆಣ್ಣಿ ಎಸ್ತೇರಮ್ಮನವರ ಪಾದಗಳನ್ನು ತೊಳೆಯುತ್ತಾರೆ."

ತೊಳೆಯುತ್ತಾರೆ ಅಂದರು. ತೊಳೆಯುತ್ತೀರಾ ಎಂದು ಕೇಳಲಿಲ್ಲ. ನನ್ನ ಕಿವಿಯಲ್ಲಿ ದೇವದುರ್ಗದ ಬರಲು ಸುಯ್ಯೆಂದಿತು. ಆಚೆ ಸಾಲಿನಲ್ಲಿ ಎಸ್ತೇರಕ್ಕ ತನ್ನ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. ಆಗ ನೋಡಿದೆ, ಅವಳ ಕಾಲಿಗೆ ಸಾಕ್ಸಿತ್ತು. ಏಪ್ರಿಲ್ ತಿಂಗಳು, ಮಾನ್ವಿಯ ಸೆಕೆ, ಕಾಲಿಗೆ ಉಲ್ಲನ್ ಸಾಕ್ಸು. ನಾನು ಮುಟ್ಟಬಾರದೆಂದು ಹಾಕಿಕೊಂಡು ಬಂದಿದ್ದಾಳೆ ಅಂದುಕೊಂಡೆ, ಇನ್ನಷ್ಟು ಉರಿಯಿತು.

"ನಾ ಬರಂಗಿಲ್ರೀ" ಅಂದೆ, ಕೂತಲ್ಲಿಂದಲೇ.

"ಸಿಸ್ಟರ್, ಸಂಯಮ ಬೇಕು. ನಮ್ಮ ಕರ್ತನು ತನ್ನನ್ನು ಹಿಡಿದುಕೊಟ್ಟ ಯೂದನ ಪಾದವನ್ನೂ ತೊಳೆದನು" ಎಂದಿತು ಮೈಕು.

ಎದ್ದು ನಿಂತೆ. ಲೆಂಟು, ವ್ರತ, ನಮ್ಮವರ ಮರ್ಯಾದೆ, ಎಲ್ಲ ಒಟ್ಟಿಗೆ ಹೋದವು. "ತೊಳದ್ರು ಅಯ್ಯನವರ. ಆದ್ರ ಅವರಿಗಿ ಯಾರೂ ತೊಳಿ ಅಂದಿದ್ದಿಲ್ಲ. ಮೈಕಿನ್ಯಾಗ ಹೆಸರು ಕೂಗಿದ್ದಿಲ್ಲ. ತಾವ ಎದ್ರು, ತಾವ ಬಗ್ಗಿದ್ರು. ಹುಕುಂ ಮ್ಯಾಲ ತೊಳಿಯೂದು ನನಗೇನು ಹೊಸಾದಲ್ಲ, ಸರ್ವಿಸ್ ಪೂರ್ತಿ ತೊಳದೀನಿ. ಅದಕ್ಕ ಸರ್ಕಾರ ಪಗಾರ ಕೊಟ್ಟದ. ಹುಕುಂ ಮ್ಯಾಲ ಮಾಡಿದ್ದಕ್ಕ ಪಗಾರ, ಪ್ರೀತಿಲೆ ಮಾಡಿದ್ದಕ್ಕ ದೇವರು. ಎರಡೂ ಕಲಸಬ್ಯಾಡ್ರಿ."

ನಮ್ಮವರು ತಲೆಯ ಮೇಲಿನ ಫ್ಯಾನನ್ನೇ ನೋಡುತ್ತಿದ್ದರು. ಎಸ್ತೇರಕ್ಕ ಎದ್ದು, ನನ್ನ ಬೆಂಚಿನ ಪಕ್ಕದಿಂದಲೇ ಹಾದು, ಬಾಗಿಲ ಕಡೆ ನಡೆದಳು. ಅವಮಾನವಾಗಿ ಹೋದಳು ಎಂದು ಎಲ್ಲರೂ ಗುಸುಗುಸು ಅಂದರು. ನಾನು ಅವಳ ನಡಿಗೆ ನೋಡುತ್ತಿದ್ದೆ. ಬಲಗಾಲನ್ನು ಹಿಮ್ಮಡಿಯ ಮೇಲಷ್ಟೇ ಊರುತ್ತಿದ್ದಳು. ಸಾಕ್ಸಿನ ತುದಿಯಲ್ಲಿ ಒದ್ದೆ ಕಲೆಯಿತ್ತು. ಮಲ್ಲಿಗೆ ಹೂವು, ಮೇಣದಬತ್ತಿ, ಕೊಬ್ಬರಿ ಎಣ್ಣೆಯ ವಾಸನೆಗಳ ಕೆಳಗಿನಿಂದ ಇನ್ನೊಂದು ವಾಸನೆ ನನ್ನ ಮೂಗಿಗೆ ಬಂತು. ವಾರ್ಡಿನಲ್ಲಿ ಜೀವ ಸವೆಸಿದವರಿಗೆ ಆ ವಾಸನೆಯನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊಳೆಯುತ್ತಿರುವ ಗಾಯದ್ದು.

ಮನೆಗೆ ಬಂದ ಮೇಲೆ ಎಲ್ಲರೂ ನನ್ನನ್ನು ಬೈದರು. ನಾನು ನಾದಿನಿಯನ್ನು ಕೇಳಿದೆ, "ಅಕಿಗಿ ಸಕ್ರಿ ಬ್ಯಾನಿ ಅದೇನು?"

"ಅದ ವೈನಿ. ಕಾಲಿಗಿ ಏನೋ ಆಗ್ಯಾದ, ಮಗನಿಗೂ ತೋರಸಂಗಿಲ್ಲ. ಅಕಿ ಅಣ್ಣಗ ಹಿಂಗ ಆಗಿ ಕಾಲು ಕೊಯ್ದಿದ್ರಲ್ಲ, ಅವ ಉಳೀಲಿಲ್ಲ. ಆಸ್ಪತ್ರಿ ಅಂದ್ರ ಅಂಜಿ ಸಾಯ್ತಾಳ."

ನನಗೆ ಎಂಥ ಸಿಟ್ಟು ಬಂತೆಂದರೆ, ಪಾಸ್ಟರ ಮೇಲಿನದು ಅದರ ಮುಂದೆ ಏನೂ ಅಲ್ಲ. ಮನೆಯಲ್ಲಿ ನರ್ಸು ಇದ್ದಾಳೆ. ಮೂರ್ಖಳೇ, ನಿನ್ನ ಸ್ವಂತ ನೆಗೆಣ್ಣಿ ನರ್ಸು ಇದ್ದಾಳೆ. ಕಾಲು ಕೊಳೆಯಲಿ, ಇವಳಿಗೆ ಮಾತ್ರ ತೋರಿಸಬಾರದು ಎಂದು ಸಾಕ್ಸು ಹಾಕಿಕೊಂಡು ಕೂತಿದ್ದಾಳೆ.

ಮರುದಿನ ಶುಭ ಶುಕ್ರವಾರ. ಮಧ್ಯಾಹ್ನ ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನಕ್ಕೆ ಊರ ಕ್ರೈಸ್ತರೆಲ್ಲ ಬಿಳಿ ಬಟ್ಟೆಯುಟ್ಟು ಚರ್ಚಿಗೆ ಹೋದರು. ನಾನು ತಲೆನೋವೆಂದು ಉಳಿದೆ. ಎಸ್ತೇರಕ್ಕನ ಮನೆಗೆ ಹೋಗು ಎಂದು ನನಗೆ ಯಾರೂ ಹೇಳಿರಲಿಲ್ಲ. ಹೋಗದಿದ್ದರೆ ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳುವವರಿರಲಿಲ್ಲ. ಈ ಲೆಂಟಿನಲ್ಲಿ ಮೊದಲ ಸಲ ನಾನು ನನ್ನ ಕೈಯಲ್ಲಿದ್ದೆ. ಸಿಟ್ಟು ಹೋಗಿರಲಿಲ್ಲ. ಇರಲಿ, ನೀನೂ ಬಾ ಎಂದು ಅದನ್ನೂ ಕರೆದುಕೊಂಡು ಹೊರಟೆ. ಮೆಡಿಕಲ್ ಅಂಗಡಿಯಲ್ಲಿ ಸಲೈನ್ ಬಾಟಲಿ, ಗಾಯದ ಮೇಲಿಡುವ ಗಾಜ್ ಬಟ್ಟೆ, ಬ್ಯಾಂಡೇಜು, ಕೈಗವಸು ತೆಗೆದುಕೊಂಡೆ.

ಮಗ ಚರ್ಚಿಗೆ ಹೋಗಿದ್ದ. ಎಸ್ತೇರಕ್ಕ ಒಬ್ಬಳೇ ಮಂಚದ ಮೇಲೆ ಕೂತಿದ್ದಳು. ನನ್ನನ್ನು ನೋಡಿ ಸೆರಗನ್ನು ಕಾಲ ಮೇಲೆ ಎಳೆದುಕೊಂಡಳು.

"ಕಾಲು ತೋರ್ಸು" ಅಂದೆ. ಇಷ್ಟು ವರ್ಷದ ಮೇಲೆ ಆಡಿದ ಮೊದಲ ಮಾತು.

"ಯಾರು ಕಳಿಸಿದ್ರು? ಅಯ್ಯನವ್ರು ಕಳಿಸಿದ್ರೇನು?"

"ಯಾರೂ ಕಳಿಸಿಲ್ಲ. ಅವರಿಗಿ ಗೊತ್ತಾದ್ರ ಮೈಕ್ ತಗೊಂಡು ಬರ್ತಾರ. ಲಗೂ ತೋರ್ಸು."

ಅವಳ ತುಟಿ ಒಂದಿಷ್ಟು ಅಲುಗಿತು. ಆದರೆ ಎಸ್ತೇರಕ್ಕ ಎಸ್ತೇರಕ್ಕನೇ. "ನಿನಗ ಪಗಾರ ಕೊಡಾಕ ನನ್ನ ಹತ್ರ ಏನೂ ಇಲ್ಲ."

ಕೈಯಲ್ಲಿದ್ದ ಬಾಟಲಿಯನ್ನು ಅವಳ ತಲೆಗೆ ಹಾಕದೆ ನೆಲದ ಮೇಲೆ ಇಟ್ಟೆ. ಸಂಯಮ ಅಂದರೆ ಏನೆಂದು ನನ್ನನ್ನು ಕೇಳಿದರೆ, ನಾನು ಆ ಬಾಟಲಿಯನ್ನು ತೋರಿಸುತ್ತೇನೆ. "ಅವತ್ತು ಅಂದ ಮಾತು ಈಗರೆ ವಾಪಸ್ ತಗೋ" ಅಂದೆ.

"ಅಂದಿದ್ದು ಅಂದೀನಿ. ವಾಪಸ್ ತಗೊಂಡ್ರ ಅಂದಿಲ್ಲಂತ ಆಗ್ತದೇನು?" ಅಂದಳು. ಆಮೇಲೆ ಗೋಡೆ ನೋಡುತ್ತ ಅಂದಳು, "ಹಿರಿ ಸೊಸಿ ನಾನು. ಅತ್ತಿನ್ನ ಮುಟ್ಟಾಕ ನನಗ ಹೇಸ್ಕಿ ಬರ್ತಿತ್ತು. ನೀ ಮಾಡಿದಿ. ಮಂದೆಲ್ಲಾ ನಿನ್ನ ಹೆಸರ ಹೇಳಾಕತ್ತಿದ್ರು. ಹೊಟ್ಟಿ ಉರೀತು, ಅಂದೆ."

ಅಷ್ಟು ಹೇಳಿ ಸೆರಗು ಸರಿಸಿದಳು.

ಸಾಕ್ಸು ಗಾಯಕ್ಕೆ ಅಂಟಿತ್ತು. ಸಲೈನ್ ಹನಿಸಿ ನೆನೆಸಿ ನಿಧಾನಕ್ಕೆ ಬಿಡಿಸಿದೆ. ಹೆಬ್ಬೆರಳ ತುದಿ ಕಪ್ಪಾಗಿತ್ತು, ಕೆಳಗೆ ಆಳದ ಹುಣ್ಣು. ಅವಳು ಒಮ್ಮೆಯೂ ಹಾ ಅನ್ನಲಿಲ್ಲ. "ನೋವಿಲ್ಲ, ಅದಕ್ಕ ಸುಮ್ಮನಿದ್ದೆ" ಅಂದಳು. ನನಗೆ ಹೆದರಿಕೆಯಾದದ್ದು ಅದಕ್ಕೇ. ಸಕ್ಕರೆ ಕಾಯಿಲೆ ಮೊದಲು ನೋವನ್ನು ತಿನ್ನುತ್ತದೆ, ಆಮೇಲೆ ಕಾಲನ್ನು ತಿನ್ನುತ್ತದೆ. ತೊಳೆಯುತ್ತ ಬಾಯಿಗೆ ಬಂದಂತೆ ಬೈದೆ. ಅವಳೂ ಬೈದಳು. ದೂರದಿಂದ ಚರ್ಚಿನ ಸ್ಪೀಕರಿನಲ್ಲಿ ಧ್ಯಾನ ಕೇಳುತ್ತಿತ್ತು, ನಮ್ಮಿಬ್ಬರ ಗದ್ದಲದಲ್ಲಿ ಎಷ್ಟನೆಯ ಮಾತೋ ತಿಳಿಯಲಿಲ್ಲ.

"ಆಸ್ಪತ್ರಿಗಿ ಬರಂಗಿಲ್ಲ. ಕೊಯ್ತಾರ" ಅಂದಳು.

"ಇವತ್ತು ಬಂದ್ರ ಬೆರಳು ಹೋಗ್ತದ. ಹಬ್ಬ ಮುಗಿಸಿ ಬಂದ್ರ ಕಾಲು ಹೋಗ್ತದ. ನಿನಗ್ಯಾವ್ದು ಬೇಕು?"

ಬಗ್ಗಿ ತನ್ನ ಕಪ್ಪು ಬೆರಳನ್ನು ನೋಡಿದಳು. "ನೀ ಇರ್ತೀಯೇನು ಅಲ್ಲಿ?"

"ಇರ್ತೀನಿ. ಸಿಟ್ಟು ಮಾಡ್ಕೊಂಡೇ ಇರ್ತೀನಿ."

ಮುಂದಿನದನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ನಿಮಗೆ ಚಿಂತೆ ಬೇಡ. ಆ ಸಂಜೆಯೇ ಅವಳನ್ನು ರಾಯಚೂರಿಗೆ ಕರೆತಂದೆ. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಅವಳ ಈಸ್ಟರೂ ನನ್ನ ಈಸ್ಟರೂ ಆಸ್ಪತ್ರೆಯಲ್ಲೇ ಆದವು. ಮಾನ್ವಿಯ ಪಾಸ್ಟರ್ ನೋಡಲು ಬಂದರು. ನಾವಿಬ್ಬರೂ ಒಟ್ಟಿಗಿರುವುದನ್ನು ಕಂಡು ಮೊಬೈಲು ಹೊರತೆಗೆದರು. "ಅದನ್ನ ಕಿಸೆದಾಗ ಇಡ್ರಿ, ಆ ಬಕೀಟ್ ತುಂಬಿ ತರ್ರಿ" ಅಂದೆ. ಮುಖ ಕೆಂಪಾಯಿತು, ಆದರೂ ತಂದರು. ಮರುದಿನ ಯಾರೂ ಕರೆಯದೆ ಮತ್ತೆ ಬಂದರು, ಬಂದವರೇ ಬಕೆಟ್ಟು ಎತ್ತಿಕೊಂಡರು. ಅವರ ಮೇಲಿನ ನನ್ನ ಸಿಟ್ಟಿನಲ್ಲಿ ಅರ್ಧ ಅಲ್ಲಿಗೆ ಹೋಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಆದರೆ ನಾನು ಹೇಳಹೊರಟದ್ದು ಆ ಶುಕ್ರವಾರ ಮಧ್ಯಾಹ್ನದ್ದು. ಬಲಗಾಲಿಗೆ ಬ್ಯಾಂಡೇಜು ಸುತ್ತಿ ಮುಗಿಸಿದೆ. ಇಂಥ ರೋಗಿಗಳ ಇನ್ನೊಂದು ಕಾಲನ್ನೂ ನೋಡಬೇಕು, ಅದು ನರ್ಸಿನ ಕೆಲಸ. ಬೆರಳ ಸಂದಿ, ಹಿಮ್ಮಡಿ, ಎಲ್ಲ ನೋಡಿದೆ. ಎಡಗಾಲಿಗೆ ಏನೂ ಆಗಿರಲಿಲ್ಲ. ಕೈಗವಸು ಬಿಚ್ಚಿ ಎಸೆದೆ. ನನ್ನ ಕೆಲಸ ಮುಗಿದಿತ್ತು.

"ಆತಲ್ಲ?" ಅಂದಳು ಎಸ್ತೇರಕ್ಕ.

ನಾನು ಅಡುಗೆಮನೆಗೆ ಹೋಗಿ ಬೋಗುಣಿಯಲ್ಲಿ ಬೇರೆ ನೀರು ತಂದೆ. ಅವಳ ಮುಂದೆ ನೆಲದ ಮೇಲೆ ಕೂತೆ.

"ಎಡಗಾಲು ಕೊಡು."

"ಅದಕ್ಕೇನೂ ಆಗಿಲ್ಲಲ್ಲ."

"ಗೊತ್ತದ."

"ಮತ್ಯಾಕ?"

"ಕೊಡು ಯಕ್ಕಾ."

ಅವಳು ನನ್ನ ಬರಿಗೈಗಳನ್ನು ನೋಡಿದಳು. "ಸಿಟ್ಟು ಹೋತೇನು?" ಎಂದು ಕೇಳಿದಳು.

"ಇಲ್ಲ" ಅಂದೆ.

ಎಸ್ತೇರಕ್ಕ ಕಾಲು ಕೊಟ್ಟಳು.